ವಸ್ತು ನಂಬರ್ ಮೂವತ್ತೊಂದು ಬಿಸಿಯಾದದ್ದು

ನಾನು ನೀರು ಸರಬರಾಜು ಕಚೇರಿಯ ಸ್ಟೋರ್ ಕೀಪರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ನನ್ನ ಉದ್ಯೋಗವೇ ಕಾರಣ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನನ್ನ ಸ್ಟೋರಿನಿಂದ ಒಂದು ವಾಷರ್ ಕೂಡ ಕಳೆದುಹೋಗಿಲ್ಲ. ಕಳೆಯುವುದಾದರೂ ಹೇಗೆ? ಕಚೇರಿಯ ಪ್ರತಿಯೊಂದು ವಸ್ತುವಿಗೂ ನಾನು ನಂಬರಿನ ಚೀಟಿ ಅಂಟಿಸುತ್ತೇನೆ. ಕುರ್ಚಿಗೆ, ಬೀರುವಿಗೆ, ಕಸದ ಬುಟ್ಟಿಗೆ, ಕಸದ ಬುಟ್ಟಿಯ ಮುಚ್ಚಳಕ್ಕೆ ಪ್ರತ್ಯೇಕವಾಗಿ. ಕಚೇರಿಯವರು ನನ್ನನ್ನು ಚೀಟಿರಾಯರು ಎಂದು ಕರೆಯುತ್ತಾರೆ. ಬೆನ್ನ ಹಿಂದೆಯೇ ಕರೆಯುತ್ತಾರೆ, ಆದರೆ ನನಗೆ ಕೇಳುವಷ್ಟು ಗಟ್ಟಿಯಾಗಿ ಕರೆಯುತ್ತಾರೆ.

ಇಂಥವನ ಮನೆ ಅಸ್ತವ್ಯಸ್ತವಾಗಿದ್ದರೆ ನೋಡಿದವರು ಏನೆಂದಾರು? ಆದ್ದರಿಂದ ಸ್ವಂತ ಖರ್ಚಿನಲ್ಲಿ ಚೀಟಿಯ ಸುರುಳಿ ತರಿಸಿ ಮನೆಗೂ ನಂಬರು ಹಾಕಿದ್ದೇನೆ. ಊಟದ ಮೇಜು ಒಂದು, ಕುರ್ಚಿಗಳು ಎರಡರಿಂದ ಏಳು, ಕುಕ್ಕರು ಹನ್ನೆರಡು, ಅತ್ತೆಯವರ ರೇಡಿಯೋ ಹತ್ತೊಂಬತ್ತು. ರೇಡಿಯೋ ವಿಷಯದಲ್ಲಿ ಒಂದು ಸಣ್ಣ ತಕರಾರಾಗಿತ್ತು. ಮುಂಭಾಗದಲ್ಲಿ ಅಷ್ಟು ವಿಶಾಲವಾದ ಜಾಲರಿ ಇರುವಾಗ ಬೇರೆ ಕಡೆ ಯಾಕೆ ಹುಡುಕಲಿ ಎಂದು ಅದರ ಮೇಲೇ ಅಂಟಿಸಿದ್ದೆ. ಅಂದಿನಿಂದ ವಾರ್ತೆ ಓದುವವರಿಗೆಲ್ಲ ನೆಗಡಿ ಹಿಡಿಯಿತು. ಬ್ಯಾಟರಿ ಹಳೆಯದಾಗಿದೆ ಎಂದು ನಾನು ವಿವರಿಸಿದೆ. ಅತ್ತೆಯವರು ಚೀಟಿಯನ್ನು ಕಿತ್ತು ನನ್ನ ಬುತ್ತಿ ಡಬ್ಬಿಗೆ ಅಂಟಿಸಿದರು. ವಾರ್ತೆಯವರ ನೆಗಡಿ ವಾಸಿಯಾಯಿತು. ಬ್ಯಾಟರಿ ತಾನಾಗಿಯೇ ಸುಧಾರಿಸಿಕೊಂಡಿತು ಎಂದು ನಾನು ರಿಜಿಸ್ಟರಿನಲ್ಲಿ ಬರೆದಿಟ್ಟೆ.

"ನನಗೂ ಒಂದು ನಂಬರ್ ಅಂಟಿಸಿಬಿಡಿ ಅಳಿಯಂದಿರೇ" ಎಂದಿದ್ದರು ಆಗ. "ಎಲ್ಲಾದ್ರೂ ಕಳೆದುಹೋದ್ರೆ ವಾಪಸ್ ತಂದುಕೊಡ್ತಾರೆ."

ಮೂವತ್ತೊಂದನೆಯ ವಸ್ತು ನನ್ನ ಹೆಂಡತಿಯ ಲ್ಯಾಪ್‌ಟಾಪು. ಈ ಕಥೆ ಅದರದು.

ನನ್ನ ಹೆಂಡತಿ ನಮ್ಮ ಬೀದಿಯ ಕೊನೆಯಲ್ಲಿರುವ ಶಿಶುವಿಹಾರದಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ಮೂಗು ಒರೆಸುವುದು, ಶೂ ಲೇಸು ಕಟ್ಟುವುದು, ಅಳುವ ಮಗುವನ್ನು ಎತ್ತಿಕೊಂಡು ಕಿಟಕಿಯಲ್ಲಿ ಹಕ್ಕಿ ತೋರಿಸುವುದು ಅವಳ ಕೆಲಸ. ಪಾಠ ಹೇಳುವುದು ಟೀಚರುಗಳ ಕೆಲಸ. ಈ ವರ್ಷ ಹಳದಿ ಕೋಣೆಯ ಟೀಚರು ನಿವೃತ್ತರಾಗುವವರಿದ್ದರು. ಸರ್ಟಿಫಿಕೇಟು ತಂದರೆ ಆ ಕೋಣೆ ನಿನ್ನದೇ ಎಂದು ಮುಖ್ಯಸ್ಥೆ ಅವಳಿಗೆ ಮಾತು ಕೊಟ್ಟಿದ್ದರು. ಅದಕ್ಕಾಗಿ ಮೂರು ವರ್ಷ ಅವಳು ಒಲೆಯ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಓದಿದಳು. ಬರೆಯುವ ಪರೀಕ್ಷೆಗಳೆಲ್ಲ ಪಾಸಾದವು. ಉಳಿದದ್ದು ಒಂದೇ ಒಂದು ಮೌಖಿಕ ಪರೀಕ್ಷೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ, ಲ್ಯಾಪ್‌ಟಾಪಿನ ಪರದೆಯ ಮೇಲೆ, ಒಂದು ಗಂಟೆ. ಮೊಬೈಲಿಗೆ ಅವಕಾಶವಿಲ್ಲ. ನಡುವೆ ಸಂಪರ್ಕ ತಪ್ಪಿದರೆ ಗೈರುಹಾಜರಿ, ಮತ್ತೆ ಮುಂದಿನ ವರ್ಷ. ಮುಂದಿನ ವರ್ಷದ ಹೊತ್ತಿಗೆ ಹಳದಿ ಕೋಣೆಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ಲ್ಯಾಪ್‌ಟಾಪಿನ ಆಯುಸ್ಸು ಹದಿನೆಂಟು ನಿಮಿಷ. ಹತ್ತನೆಯ ನಿಮಿಷಕ್ಕೆ ಒಳಗಿನ ಫ್ಯಾನು ಗುಂಯ್ ಎನ್ನುತ್ತಿತ್ತು, ಹದಿನೈದಕ್ಕೆ ಊಳಿಡುತ್ತಿತ್ತು, ಹದಿನೆಂಟಕ್ಕೆ ಪರದೆ ಕಪ್ಪಾಗುತ್ತಿತ್ತು. ಕಚೇರಿಯಿಂದ ಒಂದನ್ನು ಕೇಳಿ ತರೋಣವೆಂದರೆ ಅಲ್ಲಿನ ನಲವತ್ತೆರಡಕ್ಕೂ ಇದೇ ಜ್ವರ. ಕಳೆದ ವರ್ಷದ ದಾಸ್ತಾನು ಪರಿಶೀಲನೆ ಮುಗಿದ ತಿಂಗಳಿನಿಂದ ಅವೆಲ್ಲ ಒಟ್ಟಿಗೆ ಬಿಸಿಯಾಗತೊಡಗಿದ್ದವು. ಬೇಸಿಗೆ ಎಂದು ಎಲ್ಲರೂ ಅಂದುಕೊಂಡೆವು. ಚಳಿಗಾಲ ಬಂದ ಮೇಲೂ ಹಾಗೆಯೇ ಅಂದುಕೊಂಡೆವು.

ಪರೀಕ್ಷೆಯ ಹಿಂದಿನ ಶನಿವಾರ ಸಂಜೆ ನಾನು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ. "ಕೊಡಿ" ಎಂದು ಕೈ ಚಾಚಿದ. ನಾನು ಮೂರು ಪುಟದ ವರದಿಯನ್ನು ಅವನ ಕೈಯಲ್ಲಿಟ್ಟೆ.

"ಏನಿದು?"

"ರೋಗಲಕ್ಷಣ. ಎಷ್ಟನೇ ನಿಮಿಷಕ್ಕೆ ಎಷ್ಟು ಬಿಸಿ, ಯಾವ ಶಬ್ದ, ಎಲ್ಲ ಬರೆದಿದೆ. ಎರಡನೇ ಪುಟದಲ್ಲಿ ಚಿತ್ರಾನೂ ಇದೆ."

"ಲ್ಯಾಪ್‌ಟಾಪ್ ಎಲ್ಲಿ ಸ್ವಾಮಿ?"

"ಮನೇಲಿದೆ. ವಸ್ತು ಹೊರಗೆ ಬರಬೇಕಾದ್ರೆ ಗೇಟ್ ಪಾಸಿಗೆ ನಮ್ಮ ಮನೆಯವಳ ಸಹಿ ಬೇಕು. ಅವಳು ಇನ್ನೂ ಕೆಲಸದಿಂದ ಬಂದಿಲ್ಲ."

ಅವನು ವರದಿಯ ಚಿತ್ರವನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿದ. ಚಿತ್ರದಲ್ಲಿ ನಾನು ಮೇಲ್ಭಾಗವನ್ನು ಮಾತ್ರ ಬರೆದಿದ್ದೆ. "ಫ್ಯಾನ್ ಸವೆದಿರಬಹುದು, ಒಳಗೆ ಶಾಖ ಎಳೆಯೋ ಪೇಸ್ಟ್ ಒಣಗಿರಬಹುದು. ಕಣ್ಣಲ್ಲಿ ನೋಡದೆ ಹೇಳೋಕಾಗಲ್ಲ. ತಂದುಬಿಡಿ, ಹತ್ತು ದಿನ ಆಗತ್ತೆ. ಮುಂದೆ ಹದಿನೇಳು ಕಾಯ್ತಿವೆ."

"ಹತ್ತು ದಿನ ನಮ್ಮ ಹತ್ರ ಇಲ್ಲ. ಹೊಸ ಫ್ಯಾನೂ ಪೇಸ್ಟೂ ಕೊಡಿ. ನಾನೇ ಬಿಚ್ತೀನಿ."

ಅಂಗಡಿಯವನು ಭೂತಗನ್ನಡಿ ತೆಗೆದು ನನ್ನನ್ನು ಬರಿಗಣ್ಣಿನಿಂದ ನೋಡಿದ. "ಹಿಂದೆ ಏನಾದ್ರೂ ಬಿಚ್ಚಿದೀರಾ?"

"ನೀರಿನ ಮೀಟರು."

"ಮತ್ತೆ ಜೋಡಿಸಿದ್ರಾ?"

"ಜೋಡಿಸೋದು ಬೇರೆ ವಿಭಾಗ."

ಅವನು ಒಂದು ಪುಟ್ಟ ಫ್ಯಾನು, ಸೂಜಿಯಿಲ್ಲದ ಸಿರಿಂಜಿನಲ್ಲಿ ಬೂದು ಬಣ್ಣದ ಪೇಸ್ಟು, ಒಂದು ಸ್ಕ್ರೂಡ್ರೈವರು ಕಟ್ಟಿಕೊಟ್ಟ. "ಪೇಸ್ಟು ಒಂದು ಬಟಾಣಿಯಷ್ಟು ಸಾಕು. ಒಳ್ಳೇದಾಗಲಿ" ಎಂದು ನಿಟ್ಟುಸಿರು ಬಿಟ್ಟ.

ವಿಷಯ ಕೇಳಿ ಹೆಂಡತಿಯ ಮುಖ ಬಿಳಿಚಿಕೊಂಡಿತು. "ರೀ, ಬೇಡ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಒಂದು ವರ್ಷ ಹೋಗತ್ತೆ."

"ನೋಡು, ಇಪ್ಪತ್ತೆರಡು ವರ್ಷದಲ್ಲಿ ಒಂದು ವಾಷರ್ ಕೂಡ..."

"ಕಳೆದಿಲ್ಲ, ಗೊತ್ತು. ಇದು ವಾಷರ್ ಅಲ್ಲ, ನನ್ನ ಮೂರು ವರ್ಷ."

ಆದರೆ ಬೇರೆ ದಾರಿ ಅವಳಿಗೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಗೇಟ್ ಪಾಸಿಗೆ ಸಹಿ ಹಾಕಿ, ಲ್ಯಾಪ್‌ಟಾಪನ್ನು ಮಲಗುವ ಕೋಣೆಯಿಂದ ಊಟದ ಮೇಜಿಗೆ ತಂದುಕೊಟ್ಟಳು. ನೋಡಲಾರೆ ಎಂದು ಬಟ್ಟೆ ಒಗೆಯಲು ಹೋದಳು.

ಬಿಚ್ಚುವ ಸುದ್ದಿ ಮಹಡಿಯ ಮೇಲಿನ ಡ್ರೈವರಣ್ಣನಿಗೆ ಹೇಗೆ ತಿಳಿಯಿತೋ, ನಾನು ಮೇಜಿನ ಮೇಲೆ ಬಟ್ಟೆ ಹಾಸುವ ಹೊತ್ತಿಗೆ ಬಂದು ಎರಡನೇ ನಂಬರಿನ ಕುರ್ಚಿಯಲ್ಲಿ ಕೂತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಜಗತ್ತಿನಲ್ಲಿ ಬಿಸಿಯಾಗುವುದಕ್ಕೆಲ್ಲ ಒಂದೇ ಔಷಧ ಎಂಬುದು ಅವರ ನಂಬಿಕೆ. "ರೇಡಿಯೇಟರ್‌ಗೆ ನೀರು ಹಾಕಿ ಸಾರ್, ಸರಿ ಹೋಗತ್ತೆ" ಎಂದರು.

ಹನ್ನೊಂದು ಸ್ಕ್ರೂಗಳಿದ್ದವು. ಒಂದಕ್ಕೊಂದು ಬೆರೆಯಬಾರದೆಂದು ನಾನು ಹನ್ನೊಂದು ಟೀ ಕಪ್ಪುಗಳನ್ನು ಸಾಲಾಗಿ ಇಟ್ಟು, ಒಂದೊಂದರಲ್ಲಿ ಒಂದೊಂದು ಸ್ಕ್ರೂ ಹಾಕಿ, ಕಪ್ಪಿಗೆ ನಂಬರು ಅಂಟಿಸಿದೆ. ಅತ್ತೆಯವರು ಅಡುಗೆಮನೆಯಿಂದ ಬಂದು ನೋಡಿದರು.

"ನಾನು ಟೀ ಯಾವುದರಲ್ಲಿ ಕುಡೀಲಿ?"

"ಸ್ವಲ್ಪ ತಡೀರಿ ಅತ್ತೆ, ಎಲ್ಲಾ ಕಪ್ಪೂ ಡ್ಯೂಟಿ ಮೇಲಿದಾವೆ."

"ಏಳನೇ ಸ್ಕ್ರೂನ ಆರನೇದರ ಜೊತೆ ಕೂರಿಸಿದ್ರೆ ಜಗಳ ಆಡ್ತಾವಾ?" ಎಂದು ಕೇಳಿ, ಲೋಟ ಹುಡುಕಲು ಹೋದರು.

ಹನ್ನೊಂದನೆಯ ಸ್ಕ್ರೂ ನನ್ನದೇ ಚೀಟಿಯ ಮೂಲೆಯ ಕೆಳಗಿತ್ತು. ಅಂಗೈ ಅಗಲದ ಬೆಳ್ಳಿ ಬಣ್ಣದ ಚೀಟಿ, ಇಮ್ಮಡಿ ಗೋಂದಿನದು. ಲ್ಯಾಪ್‌ಟಾಪಿನ ಹೊಟ್ಟೆಯ ಮೇಲೆ ಸಾಲುಸಾಲಾಗಿ ಸೀಳುಗಳಿದ್ದ ಒಂದು ಚೌಕವಿತ್ತು. ತಯಾರಿಸಿದವರು ಚೀಟಿಗೆಂದೇ ಬಿಟ್ಟ ಜಾಗ ಅದು ಎಂದು ಮೆಚ್ಚಿ, ಸರಿಯಾಗಿ ಅದರ ನಡುವೆ ಅಂಟಿಸಿದ್ದೆ. ಈಗ ಕೀಳುವಾಗ ಎರಡು ತುಂಡಾಗಿ ಹರಿದು ಬಂತು. "ಮೂವತ್ತೊಂದು, ಚೀಟಿ ತಾತ್ಕಾಲಿಕವಾಗಿ ಇಲ್ಲ" ಎಂದು ರಿಜಿಸ್ಟರಿನಲ್ಲಿ ಬರೆದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಒಳಗೆ ಹೇಳಿಕೊಳ್ಳುವಂಥ ಧೂಳಿರಲಿಲ್ಲ. ಡ್ರೈವರಣ್ಣನಿಗೆ ನಿರಾಶೆಯಾಯಿತು. ಹಳೆಯ ಫ್ಯಾನು ಹೊಸದರಷ್ಟೇ ಹೊಸದಾಗಿ ಕಾಣುತ್ತಿತ್ತು, ಬೆರಳಿನಿಂದ ತಳ್ಳಿದರೆ ಸರಾಗವಾಗಿ ತಿರುಗುತ್ತಿತ್ತು. ಯಂತ್ರಗಳು ಎಷ್ಟು ಮೋಸ ಮಾಡುತ್ತವೆ ನೋಡಿ. ನಾನು ಮೋಸಹೋಗದೆ ಅದನ್ನು ಕಿತ್ತು ಹೊಸದನ್ನು ಕೂರಿಸಿದೆ. ಪೇಸ್ಟಿನ ಸರದಿ ಬಂದಾಗ ಚರ್ಚೆ ಹುಟ್ಟಿತು.

"ಬಟಾಣಿಯಷ್ಟು ಅಂದ್ರೆ ಒಣಗಿದ ಬಟಾಣಿನಾ, ನೆನೆಸಿದ್ದಾ?" ಎಂದರು ಡ್ರೈವರಣ್ಣ.

ನಾನು ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಅತ್ತೆಯವರು ಒಳಗಿನಿಂದ ಎರಡೂ ಥರದ ಬಟಾಣಿ ತಂದು ಮೇಜಿನ ಮೇಲಿಟ್ಟು, ಲೋಟದಲ್ಲಿ ಟೀ ಹೀರುತ್ತ ಪಕ್ಕದಲ್ಲಿ ನಿಂತರು. ಎರಡರ ಸರಾಸರಿ ತೆಗೆದು ಹಚ್ಚಿದೆ. ಕಪ್ಪಿನಿಂದ ಕಪ್ಪಿಗೆ ಹೋಗಿ ಹನ್ನೊಂದು ಸ್ಕ್ರೂಗಳನ್ನೂ ಬಿಗಿದೆ. ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಗುಂಡಿ ಒತ್ತಿದೆ.

ಹದಿನೆಂಟು ನಿಮಿಷ ಕಳೆಯಿತು. ಒಂದು ಗಂಟೆ ಕಳೆಯಿತು. ಎರಡು ಗಂಟೆಯಾದರೂ ಲ್ಯಾಪ್‌ಟಾಪು ಮಡಕೆಯ ನೀರಿನ ಹಾಗೆ ತಣ್ಣಗಿತ್ತು. ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದು, ಮುಟ್ಟಿ ನೋಡಿ, "ರೀ! ತಣ್ಣಗಿದೆ ರೀ!" ಎಂದು ನನ್ನ ಕೈ ಹಿಡಿದು ಎರಡು ಸುತ್ತು ಸುತ್ತಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ನನಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇಂದಿಗೂ ತಜ್ಞನೇ. ಆದರೆ ಸೋಮವಾರ ಕಚೇರಿಯಲ್ಲಿ ಈ ವಿಷಯ ಬಾಯಿ ತಪ್ಪಿ ಹೊರಬಿತ್ತು. ಬಾಯಿ ಏಳು ಸಲ ತಪ್ಪಿತು, ಪ್ರತಿ ಸಲವೂ ಬೇರೆ ಬೇರೆ ವಿಭಾಗದಲ್ಲಿ. ಮಧ್ಯಾಹ್ನ ಮ್ಯಾನೇಜರ್ ಸಾಹೇಬರು ಹೇಳಿ ಕಳಿಸಿದರು. ಅವರ ಮೇಜಿನ ಮೇಲೆ ಲ್ಯಾಪ್‌ಟಾಪು ಊಳಿಡುತ್ತಿತ್ತು.

"ಏನ್ರೀ ಸ್ಟೋರ್ಸು, ನಿಮ್ಮ ಕೈಗುಣ ಚೆನ್ನಾಗಿದೆಯಂತೆ? ಇದನ್ನೂ ಸ್ವಲ್ಪ ನೋಡಿ. ಇದರ ಮೇಲೆ ಬಟ್ಟೆ ಇಸ್ತ್ರಿ ಮಾಡಬಹುದು."

ಮಂಗಳವಾರ ಇಡೀ ಕಚೇರಿ ಸುತ್ತ ನಿಂತಿರುವಾಗ ಬಿಚ್ಚಿದೆ. ಕ್ಯಾಂಟೀನಿನ ಕಪ್ಪುಗಳೆಲ್ಲ ಖಾಲಿಯಾದವು. ಅಲ್ಲಿಯೂ ಒಂದು ಸ್ಕ್ರೂ ಚೀಟಿಯ ಕೆಳಗಿತ್ತು, ಚೀಟಿ ಕಿತ್ತೆ, ಪೇಸ್ಟು ಹಚ್ಚಿ ಮುಚ್ಚಿದೆ. ಯಂತ್ರ ತಣ್ಣಗಾಯಿತು. ಚಪ್ಪಾಳೆ ಬಿತ್ತು. ಬಿಲ್ ವಿಭಾಗದ ಮೇಡಂ "ನಿಮ್ಮನ್ನ ಇಷ್ಟು ವರ್ಷ ನಲ್ಲಿ ಎಣಿಸೋಕೆ ಇಟ್ಟಿದ್ರಲ್ಲ!" ಎಂದು ಮರುಗಿದರು. ಬುಧವಾರ ನಿಯಮದ ಪ್ರಕಾರ ಸಾಹೇಬರ ಲ್ಯಾಪ್‌ಟಾಪಿಗೆ ಹೊಸ ಚೀಟಿ ಅಂಟಿಸಿದೆ. ಗುರುವಾರ ಮತ್ತೆ ಕರೆ ಬಂತು.

"ಏನ್ರೀ ಇದು, ಮತ್ತೆ ಕುದೀತಾ ಇದೆ!"

ಮತ್ತೆ ಬಿಚ್ಚಿದೆ, ಚೀಟಿ ಕಿತ್ತೆ, ಮುಚ್ಚಿದೆ. ತಣ್ಣಗಾಯಿತು. ಮತ್ತೆ ಚೀಟಿ ಅಂಟಿಸಿದೆ. ಶುಕ್ರವಾರ ಬಿಸಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿದ್ದರು. ನಾನು ಶಾಂತವಾಗಿ ಯೋಚಿಸಿ ಒಂದು ಸಿದ್ಧಾಂತ ಕಂಡುಹಿಡಿದೆ.

"ಸಾರ್, ಇದು ಮಾತ್ರೆ ಇದ್ದ ಹಾಗೆ. ಒಂದು ಡೋಸಿಗೆ ವಾಸಿಯಾಗಲ್ಲ. ಎರಡು ದಿನಕ್ಕೊಂದು ಸಲ ಬಿಚ್ಚಿ ಮುಚ್ತಾ ಇರಬೇಕು."

ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಸಂಜೆಯೊಳಗೆ ಸುತ್ತೋಲೆ ಹೊರಟಿತು. ನಲವತ್ತೆರಡೂ ಯಂತ್ರಗಳನ್ನು ಸರದಿಯ ಮೇಲೆ ಬಿಚ್ಚಿ ಮುಚ್ಚಲು ತಾಪ ನಿವಾರಣಾ ಸಮಿತಿ ರಚಿಸಲಾಗಿದೆ, ಅದಕ್ಕೆ ನಾನೇ ಸಂಚಾಲಕ. ಆ ಕಾಗದವನ್ನು ನಾಲ್ಕಾಗಿ ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆದೆ.

ಶನಿವಾರ ಬಂತು. ಹೆಂಡತಿ ನೀಲಿ ಸೀರೆ ಉಟ್ಟು, ಒಂಬತ್ತು ಗಂಟೆಗೇ ತಯಾರಾಗಿ, ಬಾಯಲ್ಲಿ ಏನೇನೋ ಪಾಠ ಒಪ್ಪಿಸಿಕೊಳ್ಳುತ್ತ ಹಜಾರದಲ್ಲಿ ಅಡ್ಡಾಡುತ್ತಿದ್ದಳು. ಆರು ದಿನ ತಣ್ಣಗೆ ಓಡಿದ ಲ್ಯಾಪ್‌ಟಾಪು ಮೇಜಿನ ಮೇಲಿತ್ತು. ಅದಕ್ಕೆ ಚೀಟಿ ಇರಲಿಲ್ಲ. ಆರು ದಿನದಿಂದ ಆ ಬೋಳು ಹೊಟ್ಟೆ ನೆನೆದರೆ ನನಗೆ ಅನ್ನ ರುಚಿಸುತ್ತಿರಲಿಲ್ಲ. ನನ್ನ ಹೆಂಡತಿಯ ಜೀವನದ ಅತ್ಯಂತ ದೊಡ್ಡ ದಿನ, ವಸ್ತುವಿಗೆ ನಂಬರೇ ಇಲ್ಲ ಎಂದರೆ ಏನು ಮರ್ಯಾದೆ? ಅವಳು ತಲೆ ಬಾಚಿಕೊಳ್ಳಲು ಒಳಗೆ ಹೋದಾಗ, ವಿಶೇಷವಾಗಿ ಮಾಡಿಸಿದ್ದ ಹೊಸ ಚೀಟಿಯನ್ನು ತೆಗೆದೆ. ಕೆಂಪು ಅಂಚು, ಮೊದಲಿಗಿಂತ ದೊಡ್ಡದು. "31. ಅಮೂಲ್ಯ ವಸ್ತು. ಜೋಪಾನವಾಗಿ ಬಳಸಿ" ಎಂದು ದಪ್ಪಕ್ಷರದಲ್ಲಿತ್ತು. ಸ್ಕೇಲಿಟ್ಟು ಅಳೆದು, ಆ ಚೌಕದ ನಟ್ಟನಡುವೆ ಅಂಟಿಸಿ, ಗುಳ್ಳೆ ಏಳದ ಹಾಗೆ ಹೆಬ್ಬೆರಳಿನಿಂದ ತೀಡಿದೆ.

ಹತ್ತಕ್ಕೆ ಪರದೆಯ ಮೇಲೆ ಮೂವರು ಪರೀಕ್ಷಕರು ಕಾಣಿಸಿಕೊಂಡರು. ನಡುವೆ ನರೆಗೂದಲಿನ ಒಬ್ಬ ಮೇಡಂ, ಬಲಕ್ಕೆ ದಪ್ಪ ಮೀಸೆಯವರು, ಎಡಕ್ಕೆ ತಲೆಯೆತ್ತದೆ ಬರೆಯುತ್ತಲೇ ಇದ್ದವರು. ನನಗೂ ಅತ್ತೆಯವರಿಗೂ ಅಡುಗೆಮನೆಯ ಬಾಗಿಲು ದಾಟಬಾರದೆಂದು ಕಟ್ಟಪ್ಪಣೆಯಾಗಿತ್ತು. ಧೈರ್ಯ ಹೇಳಲು ಬಂದ ಡ್ರೈವರಣ್ಣನೂ ನಮ್ಮ ಜೊತೆ ನಿಂತರು.

"ಮೊದಲ ದಿನ ಮಗು ಅಳ್ತಾನೇ ಇದ್ರೆ ಏನು ಮಾಡ್ತೀರಿ?" ಎಂದು ಮೇಡಂ ಕೇಳಿದರು.

"ಅಳೋಕೆ ಬಿಡ್ತೀನಿ ಮೇಡಂ. ಪಕ್ಕದಲ್ಲೇ ಕೂತಿರ್ತೀನಿ. ಕಿಟಕಿಗೆ ಹಕ್ಕಿ ಬರತ್ತಲ್ಲ, ಆವಾಗ ತೋರಿಸ್ತೀನಿ."

ಬರೆಯುತ್ತಿದ್ದವರು ತಲೆಯೆತ್ತಿದರು. ಅತ್ತೆಯವರು ನನ್ನ ತೋಳು ಚಿವುಟಿದರು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು.

ಹತ್ತನೆಯ ನಿಮಿಷಕ್ಕೆ ಗುಂಯ್ ಎಂದಿತು. ಹೆಂಡತಿ ಒಂದು ಕ್ಷಣ ತಡವರಿಸಿ ಮತ್ತೆ ಮಾತು ಹಿಡಿದಳು. ಹದಿನೈದನೆಯ ನಿಮಿಷಕ್ಕೆ ಫ್ಯಾನು ಊಳಿಡತೊಡಗಿತು. ಪರದೆಯ ಮೇಲಿನ ಮೀಸೆಯವರು "ಅದೇನು ಶಬ್ದ? ಯಾರಾದ್ರೂ ಅಳ್ತಿದಾರಾ?" ಎಂದು ಕೇಳಿದರು. ಹೆಂಡತಿ ನಮ್ಮ ಕಡೆ ತಿರುಗಿ ನೋಡಿದಳು. ಮೂರು ವರ್ಷ ಆ ಕಣ್ಣಲ್ಲಿತ್ತು. ಇನ್ನು ಮೂರೇ ನಿಮಿಷ.

ಡ್ರೈವರಣ್ಣ ನಲ್ಲಿಯ ಕೆಳಗಿದ್ದ ತುಂಬಿದ ಬಕೆಟ್ಟು ಎತ್ತಿಕೊಂಡು ಹಜಾರಕ್ಕೆ ನುಗ್ಗಿದರು. "ರೇಡಿಯೇಟರ್! ನಾನು ಮೊದಲೇ ಹೇಳಿದ್ನಲ್ಲ ಸಾರ್!" ನಾನು ಸ್ಕ್ರೂಡ್ರೈವರು ಹಿಡಿದು, ಕ್ಯಾಮೆರಾಕ್ಕೆ ಕಾಣಬಾರದೆಂದು ನಾಲ್ಕು ಕಾಲಿನಲ್ಲಿ ಹೊರಟೆ. ಓಡುತ್ತಿರುವಾಗಲೇ ಬಿಚ್ಚಿ ಮುಚ್ಚಿದರೆ ಡೋಸು ಸಿಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ನನ್ನನ್ನು ತಡೆಯಲು ಅತ್ತೆಯವರು "ಅಳಿಯಂದಿರೇ, ಮುಟ್ಟಬೇಡಿ! ಮುಟ್ಟಬೇಡಿ!" ಎಂದು ಕೂಗುತ್ತ ಹಿಂದೆ ಬಂದರು. ಡ್ರೈವರಣ್ಣ ನನ್ನನ್ನು ಎಡವಿದರು. ಅರ್ಧ ಬಕೆಟ್ಟು ನೀರು ನನ್ನ ಬೆನ್ನ ಮೇಲೆ ಬಿತ್ತು. ನಾನು ಕಿರುಚಿಕೊಂಡು ಎದ್ದು ನಿಂತೆ. ಪರದೆಯಲ್ಲಿ ಈಗ ನಾವು ಮೂವರೂ ಸ್ಪಷ್ಟವಾಗಿ ಕಾಣುತ್ತಿದ್ದೆವು.

ನರೆಗೂದಲಿನ ಮೇಡಂ ಕನ್ನಡಕ ಸರಿಮಾಡಿಕೊಂಡರು. ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ಪಕ್ಕಕ್ಕಿಟ್ಟರು.

"ಮುಂದಿನ ಪ್ರಶ್ನೆ. ತರಗತಿಯಲ್ಲಿ ಮೂರು ಮಕ್ಕಳು ಒಟ್ಟಿಗೇ ಎದ್ದು ಗಲಾಟೆ ಮಾಡಿದ್ರೆ ಏನು ಮಾಡ್ತೀರಿ?"

ಹೆಂಡತಿ ಪರದೆಯನ್ನು ನೋಡಿದಳು, ನಮ್ಮನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೇಳೋದೇನು ಮೇಡಂ, ತೋರಿಸ್ತೀನಿ."

ಅವಳು ಎದ್ದು ನಮ್ಮ ಮುಂದೆ ಮಂಡಿಯೂರಿ ಕೂತಳು. ಗದರಲಿಲ್ಲ. ಅಂಥ ದನಿಯನ್ನು ನಾನು ನಮ್ಮ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅದು ಬೀದಿಯ ಕೊನೆಯ ಆ ಕಟ್ಟಡಕ್ಕೆ ಸೇರಿದ ದನಿ.

"ಡ್ರೈವರಣ್ಣ, ಬಕೆಟ್ ಭಾರ ಇದೆ ಅಲ್ವಾ? ಮೆಲ್ಲಗೆ ಕೆಳಗಿಡಿ. ಇಟ್ರಾ? ಶಾಭಾಷ್. ಆ ಕಿಟಕಿ ಹತ್ರ ನಿಂತು, ಎಷ್ಟು ಗಾಡಿ ಹೋಗತ್ತೆ ಎಣಿಸಿ. ಆಮೇಲೆ ನಂಗೆ ಹೇಳಬೇಕು, ಆಯ್ತಾ?"

"ಆಯ್ತು ಮೇಡಂ" ಎಂದು ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಕಿಟಕಿಯ ಕಡೆ ನಡೆದರು.

"ಕೈಯಲ್ಲಿ ಏನಿದೆ?" ಎಂದು ನನ್ನನ್ನು ಕೇಳಿದಳು. ನಾನು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಅಡಗಿಸಿದೆ. ಅವಳು ಸುಮ್ಮನೆ ಕೈ ಚಾಚಿ ಕಾದಳು. ನಾನು ಕೊಟ್ಟುಬಿಟ್ಟೆ. "ಜಾಣರು. ನಿಮ್ಮ ಜೇಬಿನಲ್ಲಿ ಸದಾ ಇರೋ ಸ್ಕ್ರೂ ಡಬ್ಬೀಲಿ ದೊಡ್ಡದು, ಚಿಕ್ಕದು ಬೇರೆ ಬೇರೆ ಮಾಡಿ." ನಾನು ಒದ್ದೆ ಬೆನ್ನಿನಲ್ಲೇ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಹೇಳಬಾರದು, ಆ ಕೆಲಸ ನನಗೆ ಬಹಳ ಇಷ್ಟವಾಯಿತು.

"ಈಗ ನೀನು ಹೇಳಮ್ಮ, ಏನು ತೊಂದರೆ?"

ಅತ್ತೆಯವರು ಲ್ಯಾಪ್‌ಟಾಪಿನ ಒಂದು ಅಂಚನ್ನು ತುಸು ಎತ್ತಿ, ಬಿಸಿ ಪಾತ್ರೆಯ ತಳ ನೋಡುವ ಹಾಗೆ ಕೆಳಗೆ ಕೈ ಹಾಕಿದರು. ಬೆರಳಾಡಿಸಿದರು. ಹುಬ್ಬು ಮೇಲೇರಿತು.

"ಗಾಳಿ ಆಡೋ ಕಂಡಿಗೇ ಅಂಟಿಸಿದಾರೆ ಕಣೇ! ನನ್ನ ರೇಡಿಯೋದ ಬಾಯಿ ಮುಚ್ಚಿದ ಹಾಗೆ ಇದರ ಮೂಗು ಮುಚ್ಚಿದಾರೆ!"

ಚರ್ರನೆ ಒಂದೇ ಎಳೆತ. ಕೆಂಪಂಚಿನ ಚೀಟಿ ಇಡಿಯಾಗಿ ಕೈಗೆ ಬಂತು. ಇಮ್ಮಡಿ ಗೋಂದು, ಕೊಡವಿದರೂ ಬೆರಳು ಬಿಡಲಿಲ್ಲ. ಎಲ್ಲಿಗಾದರೂ ಅಂಟಿಸಲೇಬೇಕಾಗಿತ್ತು, ಹತ್ತಿರದಲ್ಲಿ ನನ್ನ ಎದೆ ಇತ್ತು.

ಊಳು ನಿಂತು ಗುಂಯ್ ಎಂದಾಯಿತು. ಗುಂಯ್ ನಿಂತು ಮೌನವಾಯಿತು. ಹದಿನೆಂಟನೆಯ ನಿಮಿಷ ಬಂತು, ಹೋಯಿತು. ಪರದೆ ಬೆಳಗುತ್ತಲೇ ಇತ್ತು. ನಾನು ಕೆಳಗೆ ಕೂತು ಎದೆಯ ಮೇಲಿನ ಚೀಟಿಯನ್ನು ತಲೆಕೆಳಗಾಗಿ ಓದಿದೆ. ಮನೆಯ ಲ್ಯಾಪ್‌ಟಾಪು, ಸಾಹೇಬರ ಲ್ಯಾಪ್‌ಟಾಪು, ಕಚೇರಿಯ ನಲವತ್ತೆರಡು, ವಾರ್ತೆಯವರ ನೆಗಡಿ, ಎಲ್ಲವೂ ಸಾಲಾಗಿ ಕಣ್ಣ ಮುಂದೆ ಬಂದು ನಿಂತು ನನಗೆ ನಮಸ್ಕಾರ ಹೇಳಿದವು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಮೇಜಿನ ಕಡೆಯಿಂದ ಹೆಂಡತಿಯ ಮಾತು ತಡೆಯಿಲ್ಲದೆ ಕೇಳಿಬರುತ್ತಿತ್ತು, ಅದನ್ನು ಕೇಳುತ್ತ ಕೇಳುತ್ತ ಸಂತೋಷಕ್ಕೆ ಕಣ್ಣು ತುಂಬಿತು. ಹನ್ನೊಂದು ಗಂಟೆಯವರೆಗೆ ನಾವು ಮೂವರೂ ಕಮಕ್ ಕಿಮಕ್ ಎನ್ನಲಿಲ್ಲ.

ಕೊನೆಗೆ ಮೇಡಂ ಕಿಟಕಿಯ ಕಡೆ ನೋಡಿ ಕೇಳಿದರು. "ಎಷ್ಟು ಗಾಡಿ ಹೋಯ್ತಪ್ಪ?"

"ನಲವತ್ತೇಳು ಮೇಡಂ. ಅದರಲ್ಲಿ ಎರಡು ಬಸ್ಸು" ಎಂದರು ಡ್ರೈವರಣ್ಣ, ಕೈಕಟ್ಟಿ ನಿಂತು. ಮೂವರು ಪರೀಕ್ಷಕರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದಾ ಬರೆಯುತ್ತಿದ್ದವರ ಪೆನ್ನು ಕೆಳಗೆ ಬಿತ್ತು.

ಸೋಮವಾರ ನಾನು ಕಚೇರಿಗೆ ಒಂದು ಗಂಟೆ ಮೊದಲೇ ಹೋಗಿ ನಲವತ್ತೆರಡು ಚೀಟಿಗಳನ್ನೂ ಕಿತ್ತು, ಮುಚ್ಚಳದ ಮೂಲೆಯಲ್ಲಿ ಚಿಕ್ಕ ಚೀಟಿಗಳನ್ನು ಅಂಟಿಸಿದೆ. ಸಾಹೇಬರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಅವರು ಸುತ್ತೋಲೆಯ ಪ್ರತಿಯನ್ನು ಹುಡುಕಿ ಮುಂದಿಟ್ಟುಕೊಂಡರು.

"ಅಂದ್ರೆ ಒಂದು ವರ್ಷ ಬೆಂಕಿ ಹಚ್ಚಿದವರೂ ನೀವೇ, ಆರಿಸಿದವರೂ ನೀವೇ."

"ಹೌದು ಸಾರ್."

"ಸುತ್ತೋಲೆಗೆ ಸಹಿ ಹಾಕಿದವನು ನಾನು." ಅವರು ಗಂಟಲು ಸರಿಮಾಡಿಕೊಂಡರು. "ಸಮಿತಿ ತನ್ನ ಕೆಲಸವನ್ನ ಒಂದೇ ದಿನದಲ್ಲಿ ಪೂರೈಸಿದೆ ಅಂತ ಬರೆದುಬಿಡ್ರೀ. ಹೆಚ್ಚಿಗೆ ವಿವರ ಬೇಡ."

ಬುಧವಾರ ಫಲಿತಾಂಶ ಬಂತು. ಉತ್ತೀರ್ಣ, ಅದೂ ಮೊದಲ ದರ್ಜೆಯಲ್ಲಿ. ಕೆಳಗೆ ಪರೀಕ್ಷಕರ ಟಿಪ್ಪಣಿ ಇತ್ತು. ಅತ್ತೆಯವರು ಅದನ್ನು ಡ್ರೈವರಣ್ಣನಿಗೆ ಕೇಳುವ ಹಾಗೆ ಮೆಟ್ಟಿಲ ಬಳಿ ನಿಂತು ಗಟ್ಟಿಯಾಗಿ ಓದಿದರು. "ಮೂರು ಮಕ್ಕಳನ್ನು ಅಭ್ಯರ್ಥಿ ಏಕಕಾಲಕ್ಕೆ ನಿಭಾಯಿಸಿದ ರೀತಿ ಶ್ಲಾಘನೀಯ. ಸ್ಕ್ರೂಡ್ರೈವರ್ ಹಿಡಿದಿದ್ದ ಮಗುವಿನ ಕಡೆ ಇನ್ನಷ್ಟು ಗಮನ ಅಗತ್ಯ." ಹೆಂಡತಿ ನಕ್ಕೂ ನಕ್ಕೂ ಕೆಳಗೆ ಕೂತಳು. ಆಮೇಲೆ ಆ ಕಾಗದವನ್ನು ಎದೆಗೊತ್ತಿಕೊಂಡು ಸ್ವಲ್ಪ ಅತ್ತಳು. ಆಗ ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಅಷ್ಟು ಪಾಠ ನನಗೂ ಆಗಿತ್ತು.

ಅವಳು ಈಗ ಹಳದಿ ಕೋಣೆಯ ಟೀಚರು. ಮೊದಲ ದಿನ ಕೆಲಸಕ್ಕೆ ಹೊರಡುವ ಮುನ್ನ ಮನೆಯ ರಿಜಿಸ್ಟರನ್ನು ಕೇಳಿ ತೆಗೆದುಕೊಂಡಳು. ಏನೋ ಬರೆದು, ಮುಚ್ಚಿ, ಮೇಜಿನ ಮೇಲಿಟ್ಟು ಹೋದಳು. ತೆರೆದು ನೋಡಿದೆ. ಮೂವತ್ತೊಂದರ ಎದುರು ಲ್ಯಾಪ್‌ಟಾಪ್ ಎಂಬುದನ್ನು ಹೊಡೆದುಹಾಕಿ, ಮಕ್ಕಳಿಗೆ ತಿದ್ದಿಸುವ ದುಂಡು ಅಕ್ಷರದಲ್ಲಿ ಹೀಗೆ ಬರೆದಿದ್ದಳು: "31. ಗಂಡ. ಅಮೂಲ್ಯ ವಸ್ತು. ಆಗಾಗ ಬಿಸಿಯಾಗುತ್ತದೆ. ಬಿಚ್ಚುವ ಅಗತ್ಯವಿಲ್ಲ, ಗಾಳಿ ಆಡಿದರೆ ಸಾಕು."

ಪಕ್ಕದಲ್ಲಿ ಅತ್ತೆಯವರ ಕೈಬರಹದಲ್ಲಿ "ಪರಿಶೀಲಿಸಲಾಗಿದೆ" ಎಂದಿತ್ತು. ನಾನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದೆ.